ನೀಲಿ ಹೆಚ್ಚಾದ ಕ್ಯಾಲೆಂಡರ್

ಆ ಫೋಟೋಗಳಲ್ಲಿ ಆಕಾಶ ಹಳದಿಗಟ್ಟಿತ್ತು, ನೆರಳುಗಳು ಕೆಂಪಾಗಿದ್ದವು. ಜವಳಗೇರಾದ ಕಾಲುವೆ, ಮಸ್ಕಿಯ ಗುಡ್ಡ, ಲಿಂಗಸುಗೂರು ರಸ್ತೆಯ ಕಪ್ಪುಮಣ್ಣಿನ ಎರಿಹೊಲ, ನಾಟಿ ಮಾಡುವ ಹೆಂಗಸರ ಸಾಲು, ಯಾವುದನ್ನು ತೆಗೆದು ನೋಡಿದರೂ ಮೇಲೆ ಚಹಾ ಚೆಲ್ಲಿ ಒರೆಸಿದಂತಿತ್ತು. ಎಂಬತ್ತರ ದಶಕದಲ್ಲಿ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಸೈಕಲ್ಲಿನ ಮೇಲೆ ಕ್ಯಾಮೆರಾ ಹಾಕಿಕೊಂಡು ಊರೂರು ತಿರುಗಿ ತೆಗೆದ ಚಿತ್ರಗಳವು. ಲಿಂಗಸುಗೂರಿನಲ್ಲಿದ್ದ ಅವನ ಸ್ಟುಡಿಯೋದ ಮಾಳಿಗೆ ಒಂದು ಮಳೆಗಾಲ ಸೋರಿ ನೆಗೆಟಿವ್‌ಗಳೆಲ್ಲ ಒಂದಕ್ಕೊಂದು ಅಂಟಿ ಹಾಳಾಗಿದ್ದವು. ಉಳಿದಿದ್ದು ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ್ದ ಪ್ರಿಂಟುಗಳು ಮಾತ್ರ. ವರ್ಷಗಟ್ಟಲೆ ಬಿಸಿಲು ಕುಡಿದು ಅವುಗಳ ಬಣ್ಣ ಈ ಸ್ಥಿತಿಗೆ ಬಂದಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಿಂಧನೂರಿನ ಒಂದು ಡಿಟಿಪಿ ಸೆಂಟರಿನಲ್ಲಿ ಮದುವೆ ಕಾರ್ಡು, ಕರಪತ್ರ ಟೈಪ್ ಮಾಡುತ್ತಿದ್ದೆ. ಊರ ಹೊರಗೆ ಆಂಧ್ರದಿಂದ ಬಂದ ರೈತರು ನೆಲೆಸಿದ್ದ ಕ್ಯಾಂಪಿನ ಅಕ್ಕಿ ಗಿರಣಿಯ ಸಾಹುಕಾರರು ಯಾವುದೋ ಕೆಲಸಕ್ಕೆ ಲಿಂಗಸುಗೂರಿಗೆ ಹೋದವರು ಆ ಗಾಜಿನ ಪೆಟ್ಟಿಗೆ ನೋಡಿ, ಹೊಸ ವರ್ಷದ ತಮ್ಮ ಗಿರಣಿಯ ಕ್ಯಾಲೆಂಡರಿಗೆ ಇವೇ ಚಿತ್ರಗಳು ಇರಲಿ ಎಂದರು. ಪ್ರತಿ ಚಿತ್ರದ ಕೆಳಗೆ ಕಾಕಾನ ಹೆಸರು ಹಾಕಿಸುವುದಾಗಿಯೂ ಹೇಳಿದರು. ಬಣ್ಣ ಸರಿಮಾಡುವ ಕೆಲಸವನ್ನು ನಾನು ಒಪ್ಪಿಕೊಂಡೆ. ನಮ್ಮ ಸೆಂಟರಿನ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಇತ್ತು. ಅದನ್ನು ಯಾರೂ ತೆರೆದು ನೋಡಿರಲಿಲ್ಲ, ನಾನೂ ಕೂಡ.

ಕಾಕಾನಿಗೆ ಈ ಕ್ಯಾಲೆಂಡರ್ ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ಆ ಬೇಸಿಗೆಯಲ್ಲಿ ಅವನು ತೆಗೆದ ಒಂದು ಮದುವೆಯ ಆಲ್ಬಮ್ಮು ವಾಪಸು ಬಂದಿತ್ತು. ಮುಖಗಳೆಲ್ಲ ಮಸುಕಾಗಿವೆ ಎಂದು ಹೆಣ್ಣಿನ ಕಡೆಯವರು ಸ್ಟುಡಿಯೋದ ಮುಂದೆಯೇ ನಿಂತು ಜಗಳ ತೆಗೆದಿದ್ದರು. ಕ್ಯಾಮೆರಾ ಕೆಟ್ಟಿದೆ ಎಂದು ಅವನು ರಾಯಚೂರಿಗೆ ಹೋಗಿ ರಿಪೇರಿ ಮಾಡಿಸಿಕೊಂಡು ಬಂದ. ಆದರೆ ಜನ ಬಸ್ ಸ್ಟ್ಯಾಂಡಿನ ಹತ್ತಿರದ ಹೊಸ ಸ್ಟುಡಿಯೋಕ್ಕೆ ಹೋಗತೊಡಗಿದ್ದರು.

"ವರ್ಷಪೂರ್ತಿ ಮನಿ ಮನಿ ಗ್ವಾಡಿ ಮ್ಯಾಲ ನನ್ನ ಹೆಸರು ಇರತೈತಿ ಬೇ," ಅಂದಿದ್ದ ಕಾಕಾ. "ಆಮ್ಯಾಲ ನೋಡೂಣು, ಯಾರು ಏನಂತಾರ."

ಕೆಲಸ ಶುರುವಾದದ್ದು ಸೋಲಿನಿಂದಲೇ. ಪ್ರಿಂಟುಗಳನ್ನು ಸ್ಕ್ಯಾನ್ ಮಾಡಿದೆ. ಮೊದಲು ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ ಎಳೆದಾಡಿದೆ. ಹಳದಿ ಆಕಾಶ ಇನ್ನೂ ಹೊಳೆಯುವ ಹಳದಿಯಾಯಿತು. ಆಮೇಲೆ ಇಡೀ ಚಿತ್ರದ ಬಣ್ಣ ಒಮ್ಮೆಲೇ ಬದಲಿಸುವ ಗುಂಡಿಗಳು ಸಿಕ್ಕವು. ಕೆಂಪು ಇಳಿಸಿದರೆ ನೆರಳು ಸರಿಹೋಗುತ್ತಿತ್ತು, ಆದರೆ ಆಕಾಶ ಹಸಿರಾಗುತ್ತಿತ್ತು. ಆಕಾಶ ಸರಿಮಾಡಿದರೆ ಎಮ್ಮೆಗಳು ನೇರಳೆ ಬಣ್ಣಕ್ಕೆ ತಿರುಗುತ್ತಿದ್ದವು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಒಡೆಯುವ ಗದ್ದೆಯ ಬದುವಿನಂತೆ ಅದು ನನ್ನನ್ನು ಸುಸ್ತುಮಾಡಿತು. ಒಂದೊಂದು ಬದಲಾವಣೆಗೂ ಪರದೆಯ ಮೇಲೆ ಮರಳುಗಡಿಯಾರ ತಿರುಗುತ್ತ ಕೂರುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಮೆನುವಿನಲ್ಲಿ 'ಕರ್ವ್ಸ್' ಎಂಬುದೊಂದಿತ್ತು. ಅದನ್ನು ಒತ್ತಿದರೆ ಒಂದು ಚೌಕ, ಚೌಕದೊಳಗೆ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಓರೆಯಾಗಿ ಎಳೆದ ಗೆರೆ. ಅಷ್ಟೇ. ಗುಂಡಿ ಇಲ್ಲ, ಹೆಸರಿಲ್ಲ. ಒಮ್ಮೆ ಆ ಗೆರೆಯನ್ನು ಮೌಸಿನಿಂದ ಹಿಡಿದು ಜಗ್ಗಿದೆ, ಚಿತ್ರವೆಲ್ಲ ಸುಟ್ಟಂತಾಯಿತು. ಹೆದರಿ ಮುಚ್ಚಿದೆ. ಆದರೆ ಬೇರೆ ದಾರಿ ಉಳಿದಿರಲಿಲ್ಲ. ಸೆಂಟರು ಗಿರಾಕಿಗಳಿಗೆ ತೆರೆಯುವ ಮುಂಚೆ ಬೆಳಿಗ್ಗೆ ಬಂದು ಕೂತು, ಗೆರೆಯನ್ನು ಒಂದೊಂದು ಕಡೆ ಒಂಚೂರೇ ಎತ್ತಿ ಇಳಿಸಿ ನೋಡತೊಡಗಿದೆ. ನಿಧಾನಕ್ಕೆ ಅದರ ಮರ್ಮ ತಿಳಿಯಿತು. ಗೆರೆಯ ಎಡತುದಿ ಚಿತ್ರದ ಕತ್ತಲ ಭಾಗ, ಬಲತುದಿ ಬೆಳಕಿನ ಭಾಗ. ಎಲ್ಲಿ ಎತ್ತುತ್ತೇವೋ ಆ ಭಾಗ ಮಾತ್ರ ಬೆಳಗುತ್ತದೆ. ಬದಲಾಗಬಾರದ ಕಡೆ ಒಂದು ಚುಕ್ಕೆ ಊರಿದರೆ ಗೆರೆ ಅಲ್ಲಿ ಅಲುಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಗೆರೆಗಳಿದ್ದವು. ಕೆಂಪಿನ ಗೆರೆಯನ್ನು ಎಡತುದಿಯಲ್ಲಿ ಮಾತ್ರ ಕೆಳಗೆ ಒತ್ತಿದರೆ ನೆರಳಿನ ಕೆಂಪು ಇಳಿಯುತ್ತಿತ್ತು, ಆಕಾಶಕ್ಕೆ ಏನೂ ಆಗುತ್ತಿರಲಿಲ್ಲ. ನೀಲಿಯ ಗೆರೆಯನ್ನು ಬಲತುದಿಯಲ್ಲಿ ಮಾತ್ರ ಎತ್ತಿದರೆ ಆಕಾಶದ ಹಳದಿ ಕರಗುತ್ತಿತ್ತು.

ಎರಡೂ ಒಟ್ಟಿಗೆ ಕೂಡಿಬಂದ ಬೆಳಿಗ್ಗೆ ಜವಳಗೇರಾದ ಕಾಲುವೆ ನನ್ನ ಕಣ್ಣೆದುರು ತೊಳೆದಂತೆ ಎದ್ದುಬಂತು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಆದರೆ ಚಿತ್ರಗಳು ಕಾಕಾನವು, ಬಣ್ಣ ಸರಿಯೋ ತಪ್ಪೋ ಹೇಳಬೇಕಾದವನು ಅವನೇ. ಸಂತೆಯ ದಿನ ಬಿಟ್ಟು ಬೇರೆ ದಿನ ಸ್ಟುಡಿಯೋಕ್ಕೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಅವನು ಬಸ್ಸು ಹತ್ತಿ ಸಿಂಧನೂರಿಗೆ ಬಂದು ನನ್ನ ಪಕ್ಕ ಕೂರುತ್ತಿದ್ದ.

"ಇನ್ನಾ ಹಳದಿ ಐತಲ್ಲ ಬೇ."

"ಇಷ್ಟು ಸಾಕು ಕಾಕಾ. ನನಗ ಸರಿ ಕಾಣಾಕತ್ತೈತಿ."

"ಆಗ ನೀ ಇನ್ನಾ ಫ್ರಾಕ್ ಹಾಕ್ಕೊಂಡು ಅಡ್ಡಾಡತಿದ್ದಿ. ಆ ಆಕಾಶ ನೋಡಿದಾಂವ ನಾನು. ಏರಸು."

ನಾನು ನೀಲಿಯ ಗೆರೆಯನ್ನು ಏರಿಸಿದೆ. ಬಲತುದಿಯಲ್ಲಿ ಮಾತ್ರವಲ್ಲ, ನಡುವೆಯೂ. ಅವನು ಪರದೆಗೆ ಮುಖ ಹಚ್ಚಿ ನೋಡಿ, ಮತ್ತೆ ಏರಸು ಎಂದ. ಎಷ್ಟೋ ಹೊತ್ತು ಒಂದೇ ಚಿತ್ರ ನೋಡುತ್ತಿದ್ದರೆ ಕಣ್ಣು ಅದಕ್ಕೇ ಒಗ್ಗಿಹೋಗುತ್ತದೆ. ಕೊನೆಗೆ ನನಗೂ ಅದೇ ಸರಿ ಅನ್ನಿಸತೊಡಗಿತು. ಹೀಗೆ ಎಲ್ಲ ಚಿತ್ರಗಳೂ ಮುಗಿದವು.

ಆಗ ಅಷ್ಟು ದೊಡ್ಡ ಫೈಲುಗಳನ್ನು ಕಳಿಸುವ ಬೇರೆ ಉಪಾಯ ನಮಗಿರಲಿಲ್ಲ. ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನೇ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಯ ಪ್ರೆಸ್ಸಿಗೆ ಹೋದೆ. ಮಾದರಿ ಹಾಳೆಗಳನ್ನು ತಂದು ಗಿರಣಿಯ ಮೇಜಿನ ಮೇಲೆ ಹರಡಿದಾಗ ಸಾಹುಕಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏಂಟಮ್ಮಾ ಇದು? ನಮ್ಮ ಗದ್ದಿ ನೀಲಿಪುಡಿ ಹಾಕಿ ತೊಳದೀರೇನು?"

ನಿಜವಾಗಿಯೂ ಹಾಗೆಯೇ ಇತ್ತು. ಭತ್ತದ ಹಸಿರು ಸತ್ತುಹೋಗಿತ್ತು. ನಾಟಿ ಹೆಂಗಸರ ಕೈಗಳು ಹೆಣದ ಕೈಗಳಂತೆ ಕಾಣುತ್ತಿದ್ದವು.

ಕಾಕಾ ತಪ್ಪು ಪ್ರೆಸ್ಸಿನದು ಎಂದ. ನಾನು ಮಾನಿಟರನ್ನು ಅನುಮಾನಿಸಿದೆ. ಪಕ್ಕದಲ್ಲಿಟ್ಟಿದ್ದ ಸ್ಪೀಕರಿನ ಅಯಸ್ಕಾಂತದಿಂದ ಪರದೆಯ ಮೂಲೆ ನೇರಳೆಯಾಗಿದ್ದನ್ನು ಕಂಡು, ಅದನ್ನು ದೂರವಿಟ್ಟು, ಬೇರೊಬ್ಬರ ಮಾನಿಟರ್ ಕೇಳಿ ತಂದು ಮತ್ತೆ ಎಲ್ಲ ಮಾಡಿದೆ. ಕಾಕಾ ಮತ್ತೆ ಪಕ್ಕದಲ್ಲಿ ಕೂತ. ಮತ್ತೆ ಹುಬ್ಬಳ್ಳಿ. ಮತ್ತೆ ನೀಲಿ. ಪ್ರೆಸ್ಸಿನಲ್ಲಿ ಫೈಲು ನೋಡಿಕೊಳ್ಳುವವರು ಆಗಷ್ಟೇ ಅಚ್ಚಾದ ಬೇರೆಯವರ ಕ್ಯಾಲೆಂಡರ್ ತೋರಿಸಿದರು. ಅದರ ಬಣ್ಣ ಸರಿಯಾಗಿಯೇ ಇತ್ತು.

"ನಮ್ಮ ಇಂಕ್ ಬರೋಬ್ಬರಿ ಐತ್ರಿ ಮೇಡಂ. ನೀಲಿ ಇರೋದು ನಿಮ್ಮ ಫೈಲಿನ್ಯಾಗ. ಕಣ್ಣಿಂದ ನೋಡಿ ಮಾಡಬ್ಯಾಡ್ರಿ, ಅಂಕಿ ನೋಡಿ ಮಾಡ್ರಿ," ಎಂದು, ಚಿತ್ರದ ಮೇಲೆ ಬಾಣ ಇಟ್ಟರೆ ಕೆಂಪು, ಹಸಿರು, ನೀಲಿಯ ಪ್ರಮಾಣ ಎಷ್ಟೆಂದು ಹೇಳುವ ಒಂದು ಚಿಕ್ಕ ಕಿಟಕಿಯನ್ನು ತೆರೆದು ತೋರಿಸಿದರು. ಬಿಳಿ ಅಥವಾ ಬೂದು ವಸ್ತುವಿನ ಮೇಲೆ ಮೂರೂ ಅಂಕಿ ಹೆಚ್ಚು ಕಡಿಮೆ ಸಮ ಇರಬೇಕು. ನಮ್ಮ ಒಂದು ಚಿತ್ರದಲ್ಲಿದ್ದ ಬೆಳ್ಳಕ್ಕಿಯ ಮೇಲೆ ಬಾಣ ಇಟ್ಟರು. ನೀಲಿ ಉಳಿದೆರಡನ್ನೂ ಹಿಂದೆ ಹಾಕಿ ಎಲ್ಲಿಗೋ ಹೋಗಿತ್ತು.

ಸಾಹುಕಾರರ ತಾಳ್ಮೆ ಮುಗಿದಿತ್ತು. "ದೀಪಾವಳಿ ಒಳಗ ಆಗಲಿಲ್ಲಂದ್ರ ಲಕ್ಷ್ಮಿ ಫೋಟೋ ಹಾಕಿಸಿಬಿಡ್ತೀನಮ್ಮಾ. ಪ್ರೆಸ್ಸಿನ್ಯಾಗ ರೆಡಿ ಐತಂತ." ಇತ್ತ ನಮ್ಮ ಸೆಂಟರಿನ ಮಾಲೀಕರು, ಮದುವಿ ಕಾರ್ಡ್ ಹಂಗ ಬಿದ್ದಾವು, ನಿನ್ನ ಗುಡ್ಡ ಬೆಟ್ಟ ಯಾವಾಗ ಮುಗೀತಾವು ಎಂದು ದಿನಾ ಕೇಳುತ್ತಿದ್ದರು. ಕಾಕಾ ಬಸ್ಸಿನಿಂದ ಇಳಿದಾಗಲೆಲ್ಲ ಅವನ ಮುಖ ನೋಡಲು ನನಗೆ ಧೈರ್ಯ ಆಗುತ್ತಿರಲಿಲ್ಲ.

ಅಂಕಿ ಹಿಡಿದು ಕೂತೆ. ಬೆಳ್ಳಕ್ಕಿ ಇದ್ದ ಚಿತ್ರ ಬೇಗ ಸರಿಹೋಯಿತು. ಆದರೆ ಮಸ್ಕಿಯ ಚಿತ್ರಗಳಲ್ಲಿ ಬಿಳಿ ವಸ್ತು ಏನೂ ಇರಲಿಲ್ಲ, ಬರೀ ಬಂಡೆಗಳು. ಕಲ್ಲೆಂದರೆ ಬೂದು ತಾನೆ ಎಂದು ಬಂಡೆಯ ಮೇಲೆ ಮೂರೂ ಅಂಕಿ ಸಮ ಮಾಡಿದೆ. ಗುಡ್ಡ ಪಾಚಿ ಹಿಡಿದಂತಾಯಿತು. ಎಲ್ಲಿ ತಪ್ಪುತ್ತಿದ್ದೇನೆ ಎಂದು ತಿಳಿಯದೆ ತಲೆ ಕೆಟ್ಟು, ಆ ಬಂಡೆಯನ್ನೇ ಹೋಗಿ ನೋಡುವುದೆಂದು ನಿರ್ಧರಿಸಿದೆ. ಫೋಟೋಗ್ರಾಫರುಗಳು ಬೆಳಕು ಅಳೆಯಲು ಬಳಸುವ ಬೂದು ಬಣ್ಣದ ಕಾರ್ಡೊಂದು ಕಾಕಾನ ಹತ್ತಿರ ಇತ್ತು. ಅದನ್ನು ತಗೊಂಡು ಮಸ್ಕಿಗೆ ಬಾ ಎಂದು ಹೇಳಿಕಳಿಸಿದೆ.

ನಾನು ಸಿಂಧನೂರಿನಿಂದ, ಅವನು ಲಿಂಗಸುಗೂರಿನಿಂದ ಬಂದು ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಸೇರಿದೆವು. ಮಲ್ಲಯ್ಯನ ಗುಡಿ ಇರುವ ಗುಡ್ಡದ ಮೆಟ್ಟಿಲು ಹತ್ತುವಾಗ ಅವನು ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ನೋಡಿ ಊರುತ್ತಿದ್ದ. ವಯಸ್ಸು ಎಂದುಕೊಂಡೆ. ಅವನಿಗೆ ಐವತ್ತು ದಾಟಿತ್ತು ಅಷ್ಟೇ.

ಕಾರ್ಡನ್ನು ಬಂಡೆಯ ಮೇಲಿಟ್ಟ ಕೂಡಲೇ ನನ್ನ ಒಗಟು ಬಿಡಿಸಿಕೊಂಡಿತು. ಕಲ್ಲು ಬೂದು ಆಗಿರಲೇ ಇಲ್ಲ. ಕಾರ್ಡಿನ ಪಕ್ಕದಲ್ಲಿ ಅದರ ನಸುಗೆಂಪು ಸ್ಪಷ್ಟವಾಗಿ ಎದ್ದು ಕಾಣುತ್ತಿತ್ತು. ನಾನು ಬಲವಂತವಾಗಿ ಆ ಕೆಂಪನ್ನು ಹಿಂಡಿ ತೆಗೆದಿದ್ದರಿಂದಲೇ ಗುಡ್ಡ ಹಸಿರಾಗಿತ್ತು.

"ಕಾಕಾ, ನೋಡಿಲ್ಲಿ! ಕಾರ್ಡಿನ ಬಾಜೂಕ ಕಲ್ಲು ಕೆಂಪು ಕಾಣತೈತಿ, ಹೌದಿಲ್ಲೋ?"

ಅವನು ಬಾಗಿ ನೋಡಿದ. "ಕಾರ್ಡ್ ಹಳೇದಾತು ಬೇ. ಹಳದಿ ತಿರುಗೇತಿ."

ಕಾರ್ಡ್ ಹಳದಿಯಾಗಿರಲಿಲ್ಲ. ಅವನು ಗುಡಿಯ ಕಡೆ ಕೈ ತೋರಿಸಿ, "ಅಲ್ಲಿ ನೋಡು, ಸುಣ್ಣದಾಗ ಏನರ ಕಲಸ್ಯಾರೋ ಏನೋ, ಗ್ವಾಡಿ ಎಲ್ಲಾ ಹಳದಿ ಮಾಡಿಟ್ಟಾರ," ಅಂದ. ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಬಿಸಿಲಿಗೆ ಅದರ ಬಿಳುಪು ಕಣ್ಣು ಕುಕ್ಕುತ್ತಿತ್ತು.

ಮೇಲಿನಿಂದ ಒಬ್ಬ ಹೆಣ್ಣುಮಗಳು ಇಳಿದು ಬಂದು ನಮ್ಮಿಂದ ತುಸು ದೂರದಲ್ಲಿ ನಿಂತಿದ್ದಳು.

"ಆ ಕರೀ ಸೀರಿ ಉಟ್ಟಾಕೀನ ಕೇಳು, ಮ್ಯಾಲ ಕುಡಿಯಾಕ ನೀರು ಅದಾವೇನಂತ," ಅಂದ ಕಾಕಾ.

ಅವಳು ಉಟ್ಟಿದ್ದು ಕಡುನೀಲಿ ಸೀರೆ.

"ಕಾಕಾ, ಆ ಸೀರಿ ಕರೀದಲ್ಲ. ನೀಲಿ."

"ನೆರಳಾಗ ಹಂಗ ಕಾಣತೈತಿ."

"ಆಕಿ ಬಿಸಿಲಾಗ ನಿಂತಾಳ."

ಮದುವೆಯ ಆಲ್ಬಮ್ಮು, ಪರದೆಗೆ ಹಚ್ಚಿದ ಮುಖ, ತಡವಿ ಊರುವ ಕಾಲು, 'ಇನ್ನಾ ಏರಸು' ಎಂಬ ಮಾತು ಎಲ್ಲವೂ ನನ್ನೊಳಗೆ ಒಂದೇ ಕಡೆ ಬಂದು ನಿಂತವು. ಹೇಳದೆ ಬಿಟ್ಟುಬಿಡಬಹುದಿತ್ತು. ಕದ್ದು ನೀಲಿ ಇಳಿಸಿ, ನೀ ಹೇಳಿದಂಗ ಮಾಡೀನಿ ಕಾಕಾ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಅವನು ನಾಳೆಯೂ ಕ್ಯಾಮೆರಾ ಹಿಡಿದು ಯಾರದೋ ಮದುವೆಗೆ ಹೋಗುವವನು, ರಸ್ತೆ ದಾಟುವವನು.

"ಕಾಕಾ, ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಸೂಣು. ಫೋಟೋದಾಗ ಹಳದಿ ಇಲ್ಲ. ನೀ ಹೇಳಿದಷ್ಟು ಏರಿಸಿದ್ದಕ್ಕ ನೀಲಿ ಆಗಾಕತ್ತಾವು."

"ಕ್ಯಾಮೆರಾ ಹಿಡಿಯೂದು ನಿನಗ ಕಲಿಸಿದಾಂವ ನಾನು," ಅಂದ. "ಈಗ ನನ್ನ ಕಣ್ಣು ಪರೀಕ್ಷಾ ಮಾಡಾಕ ಗುಡ್ಡಕ್ಕ ಕರಕೊಂಡು ಬಂದೀ ಏನು?"

ನಾನು ಕೈ ಹಿಡಿಯಲು ಹೋದೆ. ಕೊಡವಿಕೊಂಡ. ಒಬ್ಬನೇ ಮೆಟ್ಟಿಲಿಳಿದು, ಸಿಕ್ಕ ಬಸ್ಸು ಹತ್ತಿ ಹೋಗಿಬಿಟ್ಟ. ಕಾರ್ಡು ನನ್ನ ಕೈಯಲ್ಲೇ ಉಳಿಯಿತು.

ಅದಾದ ಮೇಲೆ ಕಾಕಾ ಬರಲಿಲ್ಲ. ಅವನು ಒಪ್ಪದ ಬಣ್ಣವನ್ನು ಅವನ ಹೆಸರಿನಲ್ಲಿ ಊರಿಗೆ ಹಂಚುವುದು ಸರಿಯೇ? ಬಿಟ್ಟರೆ ಲಕ್ಷ್ಮಿ ಫೋಟೋ. ಮಾಡಿ ಮತ್ತೆ ತಪ್ಪಿದರೆ, ಅವನ ಕಣ್ಣಿನ ಮೇಲೆ ನಾನು ಹೊರಿಸಿದ್ದೆಲ್ಲ ಸುಳ್ಳಾಗುತ್ತಿತ್ತು. ಕೊನೆಗೆ ತಿದ್ದಿದ ಫೈಲುಗಳನ್ನೆಲ್ಲ ಅಳಿಸಿಹಾಕಿ ಮೊದಲ ಸ್ಕ್ಯಾನಿನಿಂದ ಶುರುಮಾಡಿದೆ. ಹಿಂದಕ್ಕೆ ಹೋಗುವ ದಾರಿ ಇರಬಾರದು ಅನ್ನಿಸಿತ್ತು.

ಪ್ರತಿ ಚಿತ್ರದಲ್ಲೂ ಮೊದಲು ಸಾಕ್ಷಿಗಳನ್ನು ಹುಡುಕಿದೆ. ರೈತನ ಧೋತರ, ಕಾಲುವೆ ಗೇಟಿನ ಸಿಮೆಂಟು, ಡಾಂಬರು ರಸ್ತೆ, ಎಮ್ಮೆಯ ಬೆನ್ನು. ಬೆಳಕಿನ ಕಡೆ ಧೋತರ, ಕತ್ತಲ ಕಡೆ ಎಮ್ಮೆ, ನಡುವೆ ಸಿಮೆಂಟು. ಮೂರು ಕಡೆ ಅಂಕಿ ಕೂಡಿಬರುವ ತನಕ ಒಂದೊಂದು ಗೆರೆಯನ್ನೂ ಕೂದಲೆಳೆಯಷ್ಟು ಎತ್ತಿದೆ, ಇಳಿಸಿದೆ. ಬಂಡೆಗೆ ಅದರ ನಸುಗೆಂಪನ್ನು ಹಾಗೇ ಬಿಟ್ಟೆ. ಪರದೆಯ ಮೇಲೆ ಚಂದ ಕಾಣುತ್ತಿದೆಯೇ ಎಂದು ನೋಡುವುದನ್ನು ಬಿಟ್ಟುಬಿಟ್ಟೆ.

ಒಂದು ಚಿತ್ರಕ್ಕೆ ಮಾತ್ರ ಯಾವ ಸಾಕ್ಷಿಯೂ ಇರಲಿಲ್ಲ. ಕಾಲುವೆಯ ಮೇಲೆ ಮುಳುಗುವ ಸೂರ್ಯ. ಅಲ್ಲಿ ಆಕಾಶ ನಿಜವಾಗಿಯೂ ಹಳದಿ, ನೀರು ನಿಜವಾಗಿಯೂ ಕೆಂಪು. ಅಂಕಿ ಸಮ ಮಾಡಿದರೆ ಸಂಜೆ ಮಧ್ಯಾಹ್ನವಾಗುತ್ತಿತ್ತು. ಎಷ್ಟು ಹಳದಿ ಅಂದಿನ ಸೂರ್ಯನದು, ಎಷ್ಟು ಹಾಳಾದ ಕಾಗದದ್ದು ಎಂದು ಹೇಳಬಲ್ಲವನು ಕಾಕಾ ಒಬ್ಬನೇ, ಅವನ ಕಣ್ಣಿನಲ್ಲೂ ಈಗ ಹಳದಿ ತುಂಬಿತ್ತು. ಆ ಚಿತ್ರದ ಮುಂದೆ ಕೂತು ನಾನು ಅತ್ತೆ. ಆಮೇಲೆ ಹೊಳೆಯಿತು: ಗಾಜಿನ ಪೆಟ್ಟಿಗೆಯಲ್ಲಿ ಇದರ ಮಗ್ಗುಲಲ್ಲೇ ನೇತಾಡುತ್ತಿದ್ದದ್ದು ಬೆಳ್ಳಕ್ಕಿಯ ಚಿತ್ರ. ಎರಡೂ ಒಂದೇ ಬಿಸಿಲಿಗೆ, ಅಷ್ಟೇ ವರ್ಷ ನಿಂತು ಹಾಳಾದವು. ಹಾಗಿದ್ದರೆ ಅದಕ್ಕೆ ಸರಿಹೋದ ಗೆರೆಗಳೇ ಇದಕ್ಕೂ ಸರಿಹೋಗಬೇಕು. ಬೆಳ್ಳಕ್ಕಿಯ ಮೂರೂ ಗೆರೆಗಳನ್ನು ಹಾಗೇ ತಂದು ಸಂಜೆಯ ಮೇಲೆ ಇಟ್ಟೆ. ಕಾಗದದ ಹಳದಿ ಹೋಗಿ ಸೂರ್ಯನದು ಉಳಿಯಿತು. ಸರಿಯೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಹಾಗೆಯೇ ಕಳಿಸಿದೆ.

ಈ ಸಲದ ಮಾದರಿ ಹಾಳೆಗಳನ್ನು ತಿರುವುತ್ತ ಸಾಹುಕಾರರು ಕಾಲುವೆ ಗೇಟಿನ ಚಿತ್ರಕ್ಕೆ ಬಂದು ನಿಂತರು. ಆಮೇಲೆ ಬೆರಳಿಟ್ಟು ಕೇಳಿದರು: "ಇದು ನಮ್ಮ ಕ್ಯಾಂಪಿನ ಹಿಂದಿನ ಕಾಲುವೆ ಕದಾ? ಆ ಗೇಟು ಈಗ ಇಲ್ಲಮ್ಮಾ." ಮುದ್ರಣಕ್ಕೆ ಒಪ್ಪಿಗೆ ಸಿಕ್ಕಿತು.

ಅಚ್ಚಾದ ಕ್ಯಾಲೆಂಡರ್ ಹಿಡಿದು ಲಿಂಗಸುಗೂರಿಗೆ ಹೋದೆ. ಕಾಕಾ ನನ್ನ ಮುಖ ನೋಡದೆ ಕೈ ಚಾಚಿದ. ಬಾಗಿಲ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ಒಂದೊಂದೇ ಹಾಳೆ ತಿರುವಿದ.

"ಎಲ್ಲಾ ಹಳದಿ," ಅಂದ. ಮತ್ತೆ ಮೊದಲ ಹಾಳೆಗೆ ಬಂದು, "ಮಂದಿ ಏನಂತಾರ?"

"ಚೊಲೋ ಬಂದಾವ ಅಂತಾರ."

"ನೀ ಏನಂತಿ?"

"ಸರಿ ಅದಾವ ಕಾಕಾ."

ಒಳಗಿನಿಂದ ಕಾಕಿ ಬಂದು ಬಾಗಿಲಿಗೆ ಒರಗಿ ನಿಂತಳು. "ಎರಡು ವರ್ಷ ಆತು ನೋಡವ್ವಾ. ಅಕ್ಕ್ಯಾಗಿನ ಹಳ್ಳು ಕಾಣವಲ್ಲದು, ನನ್ನ ಸೀರಿ ಬಣ್ಣ ತಿಳೀವಲ್ಲದು. ಯಾರ ಮುಂದೂ ಅನಬ್ಯಾಡ ಅಂತ ನನ್ನ ಮ್ಯಾಲ ಆಣಿ ಇಟ್ಟಾರ."

ಕಾಕಾ ಅವಳನ್ನು ಗದರಲಿಲ್ಲ. "ನಮ್ಮಪ್ಪಗ ಆಪರೇಷನ್ ಮಾಡಿಸಿದ್ವಿ," ಅಂದ ನೆಲ ನೋಡುತ್ತ. "ಇದ್ದಷ್ಟು ಬೆಳಕೂ ಹೋತು. ಸಾಯೂತನಕ ಗ್ವಾಡಿ ಹಿಡಕೊಂಡು ಅಡ್ಡಾಡಿದ. ನನಗ ಆ ಅಂಜಿಕಿ ಬೇ." ಕ್ಯಾಲೆಂಡರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ. "ನಾ ಹೇಳ್ದಂಗ ಮಾಡಿದ್ರ ಎಲ್ಲಾ ನೀಲಿ ಆಗಿ ಹೊಕ್ಕಿದ್ವು, ಹೌದಲ್ಲ?"

ನಾನು ಹೌದು ಎಂದೆ.

ರಾಯಚೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ, ಮೊದಲು ಬಲಗಣ್ಣು ಮಾಡೋಣ ಎಂದರು ಡಾಕ್ಟರು. ಅವನನ್ನು ಒಳಗೆ ಕರೆದೊಯ್ದ ಮೇಲೆ ನಾನೂ ಕಾಕಿಯೂ ಬೆಂಚಿನ ಮೇಲೆ ಕೂತಿದ್ದೆವು. ಅಜ್ಜನಿಗೆ ಆದಂತೆ ಇವನಿಗೂ ಆದರೆ ಅದಕ್ಕೆ ನಾನೇ ಕಾರಣ ಎಂಬುದು ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಕೂತಿತ್ತು. ಗುಡ್ಡದ ಮೇಲೆ ಬಾಯಿಮುಚ್ಚಿಕೊಂಡು ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ.

ಪಟ್ಟಿ ಬಿಚ್ಚಿ ಊರಿಗೆ ಬಂದ ಮೇಲೂ ಕೆಲವು ವಾರ ಅವನು ಕಪ್ಪು ಕನ್ನಡಕ ತೆಗೆಯಲಿಲ್ಲ. ಹೇಗೆ ಕಾಣುತ್ತದೆ ಎಂದು ಕೇಳಿದರೆ ಹೇಳುತ್ತಲೂ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಹೋದಾಗ ಕನ್ನಡಕ ತೆಗೆದಿಟ್ಟು, ಗೋಡೆಯ ಮೇಲಿನ ಕ್ಯಾಲೆಂಡರಿನ ಮುಂದೆ ನಿಂತಿದ್ದ. ಹಾಳೆ ತಿರುವುತ್ತ, ಒಮ್ಮೆ ಬಲಗಣ್ಣು ಮುಚ್ಚಿ, ಒಮ್ಮೆ ಎಡಗಣ್ಣು ಮುಚ್ಚಿ ನೋಡುತ್ತಿದ್ದ. ಕಾಲುವೆಯ ಸಂಜೆಗೆ ಬಂದಾಗ ನಿಂತ. ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದ.

"ಇದರಾಗ ನೆರಳಿಗೆ ಹಸಿರು ಹೆಚ್ಚಾಗೇತಿ ಬೇ," ಅಂದ. "ಜಾಸ್ತಿ ಏನಲ್ಲ. ಒಂಚೂರು."

ಮರುದಿನ ಸಿಂಧನೂರಿನಲ್ಲಿ ಆ ಫೈಲನ್ನು ತೆರೆದು, ಸೂರ್ಯನ ಕೆಂಪು ತಾಗದೆ ದಂಡೆಯ ನೆರಳಿನಲ್ಲಿ ಕಪ್ಪಾಗಿದ್ದ, ಆಗ ನಾನು ಗಮನಿಸದೆ ಬಿಟ್ಟಿದ್ದ ನೀರಿನ ಮೇಲೆ ಬಾಣ ಇಟ್ಟೆ. ಹಸಿರಿನ ಅಂಕಿ ಉಳಿದೆರಡಕ್ಕಿಂತ ಒಂಚೂರು ಮೇಲಿತ್ತು.